ಎಂಟು ಗಂಟೆಗೆ ಏಳುವ ಮಗಳು

ಬನಹಟ್ಟಿಯ ನಮ್ಮ ಮನೆಯಲ್ಲಿ ಸಂಜೆ ಏಳು ಗಂಟೆಗೆ ಎಲ್ಲರೂ ಮಲಗಿಬಿಡುತ್ತಿದ್ದರು. ಮಲಗುತ್ತಿದ್ದರು ಎಂದರೆ ಹಾಸಿಗೆ ಹಾಸಿ, ದೀಪ ಆರಿಸಿ, ದೇವರ ಹೆಸರು ಹೇಳಿ ಮಲಗುವುದಲ್ಲ. ಕೂತವರು ಕೂತಲ್ಲೇ, ತುತ್ತು ಕೈಯಲ್ಲಿದ್ದರೆ ತುತ್ತಿನ ಸಮೇತ, ಮಾತಿನ ನಡುವೆ ಇದ್ದರೆ ಮಾತನ್ನು ಅಲ್ಲಿಗೇ ಬಿಟ್ಟು ನಿದ್ದೆಗೆ ಜಾರುತ್ತಿದ್ದರು. ಅಪ್ಪ, ಕಾಕಾ, ಅಣ್ಣ, ಮೂವರದೂ ಒಂದೇ ಕಥೆ. ನಸುಕಿನ ಮೂರಕ್ಕೆ ಮೂವರೂ ತಾವಾಗಿಯೇ ಎದ್ದು ಕೂರುತ್ತಿದ್ದರು. ಅವ್ವ ಬೇರೆ ಮನೆತನದಿಂದ ಬಂದವಳು. ಆದರೆ ಆ ಹೊತ್ತಿಗೆ ಎದ್ದು ಅವರಿಗೆಲ್ಲ ರೊಟ್ಟಿ ಬಡಿದು ಬಡಿದು ಆಕೆಯೂ ಸಂಜೆ ಏಳಕ್ಕೆ ಉರುಳುತ್ತಿದ್ದಳು. ಅವರದು ಹುಟ್ಟಿನ ನಿದ್ದೆ, ಅವ್ವನದು ದಣಿವಿನ ನಿದ್ದೆ.

ನಾನೊಬ್ಬಳೇ ರಾತ್ರಿ ಹನ್ನೆರಡರವರೆಗೆ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಇರುತ್ತಿದ್ದವಳು. ಮುಂಜಾನೆ ಎಂಟಕ್ಕೆ ಏಳುತ್ತಿದ್ದೆ. ಎಂಟು ಗಂಟೆ ಬೇರೆ ಮನೆಯಲ್ಲಿ ಅಂಥ ದೊಡ್ಡ ಅಪರಾಧವಲ್ಲ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಐದು ತಾಸಿನ ಕೆಲಸ ಮುಗಿದಿರುತ್ತಿತ್ತು. ನಾನು ಹಲ್ಲುಜ್ಜುವಾಗ ಅಪ್ಪ ಎರಡನೇ ಸಲ ರೊಟ್ಟಿ ತಿನ್ನಲು ಕೂರುತ್ತಿದ್ದ. ತಿನ್ನುತ್ತ ನನ್ನನ್ನು ನೋಡದೆಯೇ ಅವ್ವನಿಗೆ ಹೇಳುತ್ತಿದ್ದ, ಮೈಗಳ್ಳಿ ಎದ್ದಳೇನು ಕೇಳು. ಈ ಮಾತನ್ನು ನಾನು ಒಂದು ದಿನವೂ ತಪ್ಪದೆ, ದೇವರ ಸ್ತೋತ್ರ ಕೇಳುವ ಹಾಗೆ ಕೇಳಿಕೊಂಡು ಬೆಳೆದೆ. ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್ ಬಂದಾಗಲೂ ಅಪ್ಪ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ಬುದ್ಧಿ ಇದ್ದೂ ಮೈಗಳ್ಳಿ ಆದಳಲ್ಲ ಎಂದು ಮರುಗಿದ. ನನಗೆ ಬಂಗಾರ ಬೇಕಿರಲಿಲ್ಲ, ರೇಷ್ಮೆ ಸೀರೆ ಬೇಕಿರಲಿಲ್ಲ. ನೀನು ಮೈಗಳ್ಳಿ ಅಲ್ಲ ಎಂದು ಅಪ್ಪನ ಬಾಯಿಂದ ಒಂದು ಸಲ ಕೇಳಬೇಕು, ಅಷ್ಟೇ ಇತ್ತು.

ಮನೆಯ ಮುಂಭಾಗದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಕರೆಂಟ್ ಇದ್ದರೆ ಮೂರೂವರೆಗೆ ನಾಲ್ಕೂ ಒಟ್ಟಿಗೆ ಶುರುವಾಗುತ್ತಿದ್ದವು. ಬೇರೆ ಊರಿನವರಾಗಿದ್ದರೆ ಪೊಲೀಸರಿಗೆ ಹೇಳುತ್ತಿದ್ದರೇನೋ. ನಮ್ಮ ಓಣಿಯವರು ಆ ಸಪ್ಪಳಕ್ಕೆ ಮಗ್ಗುಲು ಬದಲಿಸಿ ಇನ್ನೂ ಗಟ್ಟಿಯಾಗಿ ಮಲಗುತ್ತಿದ್ದರು. ಮಗ್ಗ ನಿಂತರೇ ಅವರಿಗೆ ಎಚ್ಚರವಾಗುತ್ತಿತ್ತು. ಅಷ್ಟು ಬೇಗ ಎದ್ದು ಜಳಕ ಮಾಡಿ ಲಿಂಗಪೂಜೆ ಮುಗಿಸಿ ಕೆಲಸಕ್ಕೆ ನಿಲ್ಲುವ ಮನುಷ್ಯ ಎಂದು ಅಪ್ಪನಿಗೆ ಓಣಿಯಲ್ಲಿ ಬಹಳ ಗೌರವ. ತಮ್ಮ ಮಕ್ಕಳು ಏಳದಿದ್ದರೆ ಅಪ್ಪನನ್ನು ತೋರಿಸಿ ಬೈಯುತ್ತಿದ್ದರು. ಅಪ್ಪನೂ ಅದನ್ನು ಬೇಡವೆನ್ನುತ್ತಿರಲಿಲ್ಲ. ಮನಸ್ಸು ಮಾಡಿದರೆ ಯಾರು ಬೇಕಾದರೂ ಮೂರಕ್ಕೆ ಏಳಬಹುದು, ಇದು ತಪಸ್ಸು ಇದ್ದ ಹಾಗೆ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

ಈ ಕೀರ್ತಿ ಮಠದವರೆಗೂ ಹೋಯಿತು, ಅಲ್ಲಿಯವರು ಅಪ್ಪನಿಗೊಂದು ಸತ್ಕಾರ ಇಟ್ಟರು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದರ ಮಹತ್ವ ಎಂಬ ವಿಷಯದ ಮೇಲೆ ಪ್ರವಚನ, ಆಮೇಲೆ ಅಪ್ಪನಿಗೆ ಶಾಲು. ಯಾವ ಪುಣ್ಯಾತ್ಮ ಆ ಕಾರ್ಯಕ್ರಮವನ್ನು ಸಂಜೆ ಆರಕ್ಕೆ ಇಟ್ಟನೋ ಗೊತ್ತಿಲ್ಲ. ಅದೂ ಹೋಗಲಿ ಎಂದರೆ ಅತಿಥಿಗಳು ಬರುವ ಹೊತ್ತಿಗೆ ಏಳು ಹತ್ತಾಗಿತ್ತು. ಅಷ್ಟರಲ್ಲಿ ಅಪ್ಪ ವೇದಿಕೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಲ್ಲೇ ನಿದ್ದೆಗೆ ಹೋಗಿಬಿಟ್ಟಿದ್ದ. ಮೊದಲ ಸಾಲಿನಲ್ಲಿ ಕಾಕಾ, ಅಣ್ಣ, ಅವ್ವ ಒಬ್ಬರ ಹೆಗಲಿಗೆ ಒಬ್ಬರು ಒರಗಿದ್ದರು. ಪ್ರವಚನಕಾರರು ಅಪ್ಪನ ಮುಚ್ಚಿದ ಕಣ್ಣುಗಳನ್ನು ನೋಡಿ, ಸಾಧಕರು ಧ್ಯಾನಕ್ಕೆ ಇಳಿದಿದ್ದಾರೆ, ಯಾರೂ ಸಪ್ಪಳ ಮಾಡಬೇಡಿ ಎಂದರು. ಜನ ಕೈ ಮುಗಿದರು. ನಿದ್ದೆ ಮಾಡುವ ಮನುಷ್ಯನಿಗೆ ಶಾಲು ಹೊದಿಸಿದರೆ ಏನಾಗಬೇಕೋ ಅದೇ ಆಯಿತು, ಅಪ್ಪ ಅದನ್ನು ಕತ್ತಿನವರೆಗೆ ಎಳೆದುಕೊಂಡು ಇನ್ನೂ ಸುಖವಾಗಿ ಮಲಗಿದ. ಅವರ ಪರವಾಗಿ ನಾಲ್ಕು ಮಾತು ಆಡಲು ಮನೆಯವರು ಯಾರಾದರೂ ಬರಬೇಕು ಎಂದರು. ಎಚ್ಚರ ಇದ್ದವಳು ನಾನೊಬ್ಬಳೇ. ಬೇಗ ಏಳುವುದರಿಂದ ಆಗುವ ಲಾಭಗಳನ್ನು ಕುರಿತು ನಾನು ಹತ್ತು ನಿಮಿಷ ಮಾತನಾಡಿದೆ. ಚಪ್ಪಾಳೆಯೂ ಬಿತ್ತು.

ನನಗೆ ವರ ನೋಡುವ ಕಾಲ ಬಂದಾಗ ಕಷ್ಟ ಶುರುವಾಯಿತು. ನೇಯುವ ವಿಷಯದಲ್ಲಿ ಅಪ್ಪನದು ಒಂದು ಕಟ್ಟುನಿಟ್ಟು. ಸೀರೆಯಲ್ಲಿ ಎಲ್ಲಾದರೂ ಎಳೆ ತಪ್ಪಿದ್ದರೆ ಅದನ್ನು ಮಡಿಕೆಯೊಳಗೆ ಮುಚ್ಚಿಡುತ್ತಿರಲಿಲ್ಲ. ವ್ಯಾಪಾರಿಯ ಮುಂದೆ ಮೊದಲು ಅದನ್ನೇ ಬಿಚ್ಚಿ, ಬೆರಳಿಟ್ಟು ತೋರಿಸಿ, ಇದು ಐಬು, ಬೇಕಾದರೆ ಒಯ್ಯಿ ಎನ್ನುತ್ತಿದ್ದ. ತಾನು ನೇಯ್ದ ಒಂದು ಸೀರೆಯೂ ತಿರುಗಿ ಬಂದಿಲ್ಲ ಎಂಬುದು ಅವನ ಹೆಮ್ಮೆ. ಮಗಳ ವಿಷಯದಲ್ಲೂ ಅದೇ ಪದ್ಧತಿ ಇಟ್ಟುಕೊಂಡ. ಮುಧೋಳದಿಂದ ಕನ್ಯಾ ನೋಡಲು ಬಂದವರು ಉಪ್ಪಿಟ್ಟು ತಿಂದು, ಹುಡುಗಿ ಛಲೋ ಇದ್ದಾಳೆ ಎಂದು ಚಹದ ಬಟ್ಟಲು ಕೈಗೆತ್ತಿಕೊಂಡಿದ್ದರು. ಅಪ್ಪ ಗಂಟಲು ಸರಿಮಾಡಿಕೊಂಡ.

"ನಮ್ಮ ಹುಡುಗಿ ಮುಂಜಾನೆ ಎಂಟಕ್ಕ ಏಳತಾಳ್ರಿ. ಮೊದಲ ಹೇಳೇನಿ. ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಚಹ ಅರ್ಧಕ್ಕೇ ಉಳಿಯಿತು. ಜಮಖಂಡಿಯಿಂದ ಬಂದವರು ಇನ್ನೂ ಸ್ವಲ್ಪ ಧೈರ್ಯದವರು. ಅವರ ಪೈಕಿ ಒಬ್ಬ ಹಿರಿಯ ಹೆಂಗಸು, ಹೋಗಲಿ ಬಿಡಿ, ಹಬ್ಬ ಹುಣ್ಣಿಮೆಗಾದರೂ ಬೇಗ ಏಳುತ್ತಾಳಲ್ಲ ಎಂದಳು. ಅಪ್ಪ ಸ್ವಲ್ಪ ಯೋಚಿಸಿ, ಯುಗಾದಿಗೆ ಒಂಬತ್ತಾಗಿತ್ತು ಎಂದ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯ ಮನೆಯವರಂತೂ ಅಪ್ಪನ ಮಾತು ಕೇಳಿ, ಇದು ಏನಾದರೂ ಕಾಯಿಲೆಯೇ ಎಂದು ನನ್ನ ಕಣ್ಣಿನ ರೆಪ್ಪೆ ಎತ್ತಿ ನೋಡಿಯೇ ಹೋದರು. ನಾನು ಸಿಟ್ಟಿನಿಂದ ಎರಡು ದಿನ ಊಟ ಬಿಟ್ಟೆ. ಅಪ್ಪ ನನ್ನ ಹಸಿವಿಗೆ ಮರುಗಿದನೇ ಹೊರತು ತನ್ನ ಮಾತಿಗೆ ಮರುಗಲಿಲ್ಲ. ಮುಚ್ಚಿ ಕೊಡುವುದು ತನ್ನಿಂದ ಆಗುವುದಿಲ್ಲ ಎಂದ.

ನಾಲ್ಕನೆಯವರು ಬೀಳಗಿಯವರು. ಮಧ್ಯಾಹ್ನ ಮೂರಕ್ಕೆ ಬರುತ್ತೇವೆ ಎಂದಿದ್ದರು. ಕಬ್ಬಿನ ಹಂಗಾಮು ಅದು. ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು, ಒಂದೊಂದಕ್ಕೂ ಎರಡೆರಡು ಟ್ರೇಲರು, ಮುಧೋಳ ದಾಟಿದ ಮೇಲೆ ರಸ್ತೆ ತುಂಬ ನಿಂತುಬಿಟ್ಟಿದ್ದವು. ಅವರ ಕ್ರೂಸರ್ ಗಾಡಿ ನಮ್ಮ ಬಾಗಿಲಿಗೆ ಬಂದಾಗ ಆರೂ ಐವತ್ತು. ಅಪ್ಪ ಎದ್ದು ನಿಂತು ಬರ್ರಿ ಎಂದ, ಜಮಖಾನೆಯ ಮೇಲೆ ಕೂಡಿಸಿದ, ತಾನೂ ಕೂತ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ ಎಂದು ಶುರುಮಾಡಿದ. ನಮ್ಮ ಹುಡುಗಿ, ಎಂದ. ಅಲ್ಲಿಗೆ ಅವನ ಗದ್ದ ಎದೆಗೆ ಇಳಿಯಿತು. ಬೀಳಗಿಯವರು ಮುಂದಿನ ಮಾತಿಗೆ ಕಾದರು. ಕಾಕಾನ ಕಡೆ ನೋಡಿದರು, ಅವನು ಗೋಡೆಗೆ ಒರಗಿ ಆಗಲೇ ಗೊರಕೆ ಹೊಡೆಯುತ್ತಿದ್ದ. ಅಣ್ಣ ಅಡಕೆ ತಟ್ಟೆ ಹಿಡಿದುಕೊಂಡೇ ಬಾಗಿಲ ಚೌಕಟ್ಟಿನಲ್ಲಿ ಜೋಲುತ್ತಿದ್ದ. ಅವ್ವ ಒಲೆಯ ಮುಂದೆ ಶಿರಾದ ಪಾತ್ರೆಗೆ ಕೈ ಇಟ್ಟು ಮಲಗಿದ್ದಳು.

ಸೀರೆ ಉಟ್ಟು ಒಳಗೆ ಕೂತಿದ್ದ ನಾನು ಎಷ್ಟು ಹೊತ್ತು ಕರೆಯುತ್ತಾರೆಂದು ಕಾಯಲಿ? ಶಿರಾ ನಾನೇ ಬಡಿಸಿಕೊಂಡು ಹೊರಗೆ ಬಂದೆ. ಹುಡುಗನ ತಾಯಿ ಬೆದರಿದ ಕಣ್ಣಲ್ಲಿ ನನ್ನವರನ್ನೆಲ್ಲ ಎಣಿಸುತ್ತಿದ್ದರು. ಹೆದರಬೇಡಿ, ನಮ್ಮಲ್ಲಿ ಹೀಗೆಯೇ ಎಂದೆ. ಹುಡುಗ ಏನು ಮಾಡುತ್ತಾನೆ, ಹೊಲ ಎಷ್ಟು, ಕುಡಿತ ಗಿಡಿತ ಇದೆಯೋ ಎಂದು ಕನ್ಯೆಯ ತಂದೆ ಕೇಳಬೇಕಾದದ್ದನ್ನೆಲ್ಲ ಕನ್ಯೆಯೇ ಕೇಳಿದಳು. ಹುಡುಗ ಸಕ್ಕರೆ ಕಾರ್ಖಾನೆಯಲ್ಲಿ ಎರಡನೇ ಪಾಳಿಯವನು, ಮನೆಗೆ ಬರುವುದೇ ನಡುರಾತ್ರಿ. ಅವರ ಮನೆಯ ಬಾಗಿಲು ತೆರೆಯುವುದು ಎಂಟೂವರೆಗೆ. ಅದನ್ನು ಹೇಳುವಾಗ ಹುಡುಗನ ತಾಯಿ ನಾಚಿಕೊಂಡರು. ನನಗೆ ಆ ತಾಯಿಯ ಕಾಲು ಹಿಡಿಯಬೇಕೆನಿಸಿತು. ಮಾತು ಕೂಡಿತು, ಒಪ್ಪಿಗೆಯ ಸಕ್ಕರೆ ಹಂಚಿದ್ದೂ ನಾನೇ. ಮಲಗಿದ್ದ ಅಪ್ಪನ ಬಾಯಿಗೂ ಒಂದು ಚಿಟಿಕೆ ಹಾಕಿದೆ, ಚಪ್ಪರಿಸಿದ. ಎಲ್ಲರೂ ಅದನ್ನೇ ಒಪ್ಪಿಗೆ ಎಂದು ತಿಳಿದರು. ನಸುಕಿನಲ್ಲಿ ಎದ್ದ ಅಪ್ಪನಿಗೆ ಮಗಳ ಮದುವೆ ಗೊತ್ತಾಗಿರುವ ಸುದ್ದಿ ಗೋಡೆಗೆ ಅಂಟಿಸಿದ ಚೀಟಿಯಿಂದ ತಿಳಿಯಿತು. ನಾನು ಎಂಟಕ್ಕೆ ಎದ್ದಾಗ ಅಪ್ಪನ ಮೊದಲ ಪ್ರಶ್ನೆ ಅವರಿಗೆ ಹೇಳಿದೆಯಾ ಎಂಬುದು. ಹೇಳಿದೆ ಎಂದೆ. ಮೂರು ಸಲ ಕೇಳಿದ.

ಮದುವೆಯಾಗಿ, ನನಗೆ ಜಮಖಂಡಿಯ ಹೈಸ್ಕೂಲಿನಲ್ಲಿ ನೌಕರಿ ಸಿಕ್ಕು, ಅಲ್ಲೇ ಮನೆ ಮಾಡಿದೆವು. ಇನ್ನು ಸುಖವಾಗಿ ಎಂಟಕ್ಕೆ ಏಳಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ನನ್ನ ತಲೆಯೊಳಗೆ ಅಪ್ಪ ರೊಟ್ಟಿ ತಿನ್ನುತ್ತ ಕೂತಿದ್ದನಲ್ಲ, ಅವನು ಏಳಲಿಲ್ಲ. ಒಂದು ದಿನ ಹಟ ಹಿಡಿದು ಮೂರು ಅಲಾರಂ ಇಟ್ಟು ನಸುಕಿನ ನಾಲ್ಕಕ್ಕೆ ಎದ್ದೆ. ಅಪ್ಪನಿಗೆ ಫೋನು ಮಾಡಿ, ಎದ್ದೇನಿ ನೋಡು ಎಂದೆ. ಅಪ್ಪ ಮಗ್ಗದ ಸಪ್ಪಳದ ನಡುವೆ, ನಾನು ಎದ್ದು ಒಂದು ತಾಸಾಯಿತು ಎಂದು ಫೋನಿಟ್ಟ. ಹೀಗೆ ಹತ್ತು ವರ್ಷ ನಡೆಯಿತು. ಗಂಡ ಪಾಳಿ ಮುಗಿಸಿ ಬಂದು ಉಣ್ಣುವಾಗ ಹನ್ನೆರಡೂವರೆ, ನನಗೆ ನಿದ್ದೆ ಹತ್ತುವಾಗ ಒಂದು, ಏಳುವುದು ನಾಲ್ಕು. ಗಂಡ ಸಾಧು ಮನುಷ್ಯ. ನಿಮ್ಮಪ್ಪ ಅಲ್ಲಿ ಎಚ್ಚರ ಇದ್ದರೆ ನಾವು ಇಲ್ಲಿ ಯಾಕೆ ಎಚ್ಚರ ಇರಬೇಕು ಎಂದು ಒಂದೇ ಸಲ ಕೇಳಿ, ನನ್ನ ಮುಖ ನೋಡಿ, ಮತ್ತೆ ಕೇಳಲಿಲ್ಲ.

ನಲವತ್ತು ದಾಟುವುದರೊಳಗೆ ನನಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಬಂದವು. ಸಾರಿಗೆ ಚಹಪುಡಿ ಹಾಕಿದೆ. ಒಂದು ಶನಿವಾರದ ಬೆಳಗಿನ ಶಾಲೆಯಲ್ಲಿ ಹತ್ತನೇ ತರಗತಿಯ ಪಾಠವನ್ನು ಎಂಟನೇ ತರಗತಿಗೆ ಅರ್ಧ ತಾಸು ಮಾಡಿದೆ. ಮಕ್ಕಳು ಅದನ್ನು ಅಷ್ಟೇ ಶ್ರದ್ಧೆಯಿಂದ ಬರೆದುಕೊಂಡರು, ಅವರೂ ನಿದ್ದೆಯಲ್ಲೇ ಇದ್ದರೆಂದು ಕಾಣುತ್ತದೆ. ಕೊನೆಗೆ ಒಂದು ದಿನ ಸ್ಕೂಟಿ ಓಡಿಸುತ್ತಲೇ ತೂಕಡಿಸಿ, ರಸ್ತೆ ಬದಿಗೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಹಿಂದಿನಿಂದ ಹೋಗಿ ಹೊಕ್ಕೆ. ಹೆಲ್ಮೆಟ್ಟು ಕಬ್ಬಿನೊಳಗೆ ಸಿಕ್ಕಿಕೊಂಡಿತು. ಡ್ರೈವರ್ ಚಹದ ಕಪ್ಪು ಹಿಡಿದುಕೊಂಡು ಬಂದು, ಅಕ್ಕಾರ, ಕಬ್ಬು ಬೇಕಿತ್ತೇನ್ರಿ ಎಂದು ಕೇಳಿದ. ನನಗೆ ಅಲ್ಲೇ ಅಳು ಬಂತು. ಪೆಟ್ಟಾಗಿದ್ದಕ್ಕಲ್ಲ. ಇಷ್ಟು ಮಾಡಿದರೂ ಅಪ್ಪನ ಬಾಯಿಂದ ಆ ಒಂದು ಮಾತು ಬರಲಿಲ್ಲವಲ್ಲ ಎಂದು.

ನಮ್ಮ ಕಡೆ ದೊಡ್ಡ ಕಾಯಿಲೆ ಎಂದರೆ ಮಹಾರಾಷ್ಟ್ರದ ಮಿರಜಿನ ಆಸ್ಪತ್ರೆಗೇ ಹೋಗುವುದು. ಅಲ್ಲಿ ಹೆಸರು ಹಚ್ಚಲು ನಸುಕಿನಲ್ಲೇ ಸಾಲಿಗೆ ನಿಲ್ಲಬೇಕು. ಆ ಕೆಲಸಕ್ಕೆ ಅಪ್ಪನಿಗಿಂತ ಯೋಗ್ಯರು ಯಾರಿದ್ದಾರೆ? ಎಪ್ಪತ್ತೆರಡರ ವಯಸ್ಸಿನಲ್ಲೂ ಹುಮ್ಮಸ್ಸಿನಿಂದ ಬಂದು ನನಗೆ ಒಂದನೇ ನಂಬರು ಹಿಡಿದುಕೊಟ್ಟ. ಡಾಕ್ಟರು ನಡುವಯಸ್ಸಿನ ಹೆಂಗಸು, ಮರಾಠಿ ಬೆರೆಸಿದ ಕನ್ನಡ ಆಡುತ್ತಿದ್ದರು. ನನ್ನ ನಿದ್ದೆಯ ಲೆಕ್ಕ ಕೇಳಿ ಬೈದರು. ಆಮೇಲೆ ಮನೆಯವರ ನಿದ್ದೆ ಹೇಗೆ ಎಂದು ಕೇಳಿದಾಗ ಅಪ್ಪ ಎದೆ ಮುಂದೆ ಮಾಡಿ ತನ್ನದು, ತಮ್ಮನದು, ಮಗನದು, ತನ್ನ ತಂದೆಯದು ಎಲ್ಲ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟರು. ರೋಗಿ ನಾನು. ಆದರೆ ಮುಂದಿನ ಮುಕ್ಕಾಲು ತಾಸು ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನಿಗೆ ಇದೂ ಒಂದು ಸತ್ಕಾರದ ಹಾಗೆ ಕಂಡಿತು. ನಮ್ಮಿಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ವರದಿ ಬಂದ ಮೇಲೆ ಮತ್ತೆ ಹೋದೆವು. ಡಾಕ್ಟರು ಸಾವಕಾಶವಾಗಿ ತಿಳಿಸಿ ಹೇಳಿದರು. ಮೈಯ ಪ್ರತಿ ಕಣದಲ್ಲೂ ಒಂದು ಗಡಿಯಾರ ಇದೆ. ಅದಕ್ಕೆ ಕೀಲಿ ಕೊಡುವುದು ಕೆಲವು ಜೀನುಗಳು. ಕೆಲವು ಮನೆತನಗಳಲ್ಲಿ ಅಂಥ ಒಂದು ಜೀನಿನಲ್ಲಿ ಚೂರು ವ್ಯತ್ಯಾಸವಾಗಿ ಗಡಿಯಾರ ಮುಂದಕ್ಕೆ ಓಡುತ್ತದೆ. ಊರಿಗೆ ಸಂಜೆಯಾದಾಗ ಅವರಿಗೆ ನಡುರಾತ್ರಿ. ತಂದೆಗಿದ್ದರೆ ಕೆಲವು ಮಕ್ಕಳಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. ಅಪ್ಪನಲ್ಲಿ ಅದು ಇದೆ, ನನ್ನಲ್ಲಿ ಇಲ್ಲ. ನನ್ನ ಗಡಿಯಾರ ಹುಟ್ಟಿನಿಂದಲೇ ಸ್ವಲ್ಪ ಹಿಂದೆ ನಡೆಯುವಂಥದು, ಅದನ್ನು ಹತ್ತು ವರ್ಷ ಹೊಡೆದು ಬಡಿದು ಓಡಿಸಿದ್ದಕ್ಕೇ ಸಕ್ಕರೆ, ಬಿಪಿ ಇಷ್ಟು ಕೆಟ್ಟದ್ದು. ಇದರಲ್ಲಿ ಯಾರ ಸಾಧನೆಯೂ ಇಲ್ಲ, ಯಾರ ತಪ್ಪೂ ಇಲ್ಲ.

ನಾನು ಅಪ್ಪನ ಮುಖ ನೋಡಿದೆ. ಈಗ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಕಾದೆ. ಅಪ್ಪ ಮಾತ್ರ ಸಾಧನೆ ಇಲ್ಲ ಎಂಬ ಮಾತಿಗೇ ಅಂಟಿಕೊಂಡ. ಮನಸ್ಸು ಮಾಡಿದರೆ ತಾನೂ ಎಂಟರವರೆಗೆ ಮಲಗಬಲ್ಲೆ, ಮಲಗುತ್ತಿಲ್ಲ ಅಷ್ಟೇ ಎಂದ. ಡಾಕ್ಟರು ನಕ್ಕು, ಮಲಗಿ ನೋಡಿ ಎಂದರು. ಬನಹಟ್ಟಿಯ ಮನೆಗೆ ಬಂದು ಎಲ್ಲ ಹೇಳಿದಾಗ ಅವ್ವ, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಮ್ಮವ್ವ ಪುಕ್ಕಟೆ ಹೇಳಿದ್ದಳು, ಇದಕ್ಕೆ ನೀವು ಮಿರಜಿಗೆ ಹೋಗಿದ್ದಿರೇನು ಎಂದಳು.

ಮರುದಿನದಿಂದ ಅಪ್ಪನ ಪ್ರಯೋಗ ಶುರುವಾಯಿತು. ಶಾಲೆಗೆ ರಜೆ ಹಾಕಿ ನಾನೂ ಅಲ್ಲೇ ಉಳಿದೆ. ನನಗೆ ಎಂಟರವರೆಗೆ ಮಲಗಬೇಕೆಂಬ ಡಾಕ್ಟರ ಚೀಟಿ ಇತ್ತು, ಅದನ್ನು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿದ್ದೆ. ಪಕ್ಕದ ಕೋಣೆಯಲ್ಲಿ ಅಪ್ಪ, ಅವನಿಗೆ ಯಾವ ಚೀಟಿಯೂ ಇಲ್ಲ. ಮೂರಕ್ಕೆ ಎಚ್ಚರವಾದರೂ ಕಣ್ಣು ತೆರೆಯದೆ, ಮುಷ್ಟಿ ಬಿಗಿದುಕೊಂಡು, ಎಂಟು ಬಡಿಯುವವರೆಗೆ ಅಂಗಾತ ಬಿದ್ದುಕೊಂಡಿರುತ್ತಿದ್ದ. ಸಪ್ಪಳವಾಗುತ್ತದೆ, ಮಗ್ಗ ಹಚ್ಚಬಾರದು ಎಂದು ಅಪ್ಪಣೆ. ಕಾಕಾ ಮತ್ತು ಅಣ್ಣ ಮಾಡಲು ಕೆಲಸವಿಲ್ಲದೆ ನಸುಕಿನಲ್ಲಿ ಅಂಗಳದಲ್ಲಿ ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡುತ್ತಿದ್ದರು.

ಮೊದಲ ದಿನ ಕರೆಂಟ್ ಹೋಗಿದೆ ಎಂದು ಓಣಿ ತಾಳಿಕೊಂಡಿತು. ಎರಡನೇ ದಿನ ಮಗ್ಗ ಕೆಟ್ಟಿದೆ ಎಂದುಕೊಂಡಿತು. ಮೂರನೇ ದಿನ ನಾಲ್ಕು ಗಂಟೆಗೆ ಓಣಿ ಪೂರ್ತಿ ಎಚ್ಚರವಾಗಿ ನಮ್ಮ ಬಾಗಿಲಿಗೆ ಬಂದು ನಿಂತಿತು. ಒಬ್ಬ ಹೂವಿನ ಹಾರ ತಂದು ಬೆನ್ನ ಹಿಂದೆ ಹಿಡಿದಿದ್ದನಂತೆ. ಸತ್ತಿಲ್ಲ, ನಿದ್ದೆ ಮಾಡುತ್ತಿದ್ದಾರೆ ಎಂದು ಅವ್ವ ಹೇಳಿದಳಂತೆ. ನಿದ್ದೆ ಹತ್ತಿಲ್ಲ ಎಂದು ಒಳಗಿನಿಂದ ಅಪ್ಪ ಕೂಗಿದನಂತೆ. ಇದೆಲ್ಲ ನಾನು ಆಮೇಲೆ ಕೇಳಿದ್ದು. ಆ ಹೊತ್ತಿಗೆ ನಾನು ಡಾಕ್ಟರ ಅಪ್ಪಣೆಯಂತೆ ಸುಖವಾಗಿ ಮಲಗಿದ್ದೆ.

ಎಂಟಕ್ಕೆ ಎದ್ದು ಚಹ ತೆಗೆದುಕೊಂಡು ಅಪ್ಪನ ಕೋಣೆಗೆ ಹೋದೆ. ಅವನು ಇನ್ನೂ ಅಂಗಾತ ಮಲಗಿದ್ದ. ಕಣ್ಣುಗಳು ತೆರೆದಿದ್ದವು, ಜಂತಿ ನೋಡುತ್ತಿದ್ದ. ಸೋತ ಅಪ್ಪನನ್ನು ನೋಡಿ ಗೆದ್ದೆ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ. ಕೂತುಕೋ ಎಂದು ಹಾಸಿಗೆಯ ಅಂಚು ತೋರಿಸಿದ.

"ಐದ ತಾಸ ಸುಮ್ಮನ ಬಿದ್ದಕೊಂಡ್ರ ಮನಷ್ಯಾಗ ಏನೇನೋ ನೆನಪ ಆಗ್ತಾವವ್ವಾ" ಎಂದ. "ನಮ್ಮವ್ವ ನಿನ್ನಂಗ ಇದ್ಲಂತ. ಎಂಟಕ್ಕ ಏಳಾಕಿ."

ಅಪ್ಪನ ತಾಯಿ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಳು ಎಂದಷ್ಟೇ ನಮಗೆ ಗೊತ್ತಿತ್ತು. ತೀರಿಕೊಂಡದ್ದು ಬಹಳ ಆಮೇಲೆ ಎಂದು ಅವತ್ತು ತಿಳಿಯಿತು. ಅಪ್ಪನಿಗೆ ನಾಲ್ಕು ವರ್ಷವಿದ್ದಾಗ ನಮ್ಮ ಅಜ್ಜ ಆಕೆಯನ್ನು ಮೈಗಳ್ಳಿ ಎಂದು ಸಾವಳಗಿಗೆ, ಅಣ್ಣನ ಮನೆಗೆ, ತಿರುಗಿ ಕಳಿಸಿ ಎರಡನೇ ಮದುವೆಯಾಗಿದ್ದ, ಕಾಕಾ ಆ ಎರಡನೆಯವಳ ಮಗ. ಮಗನನ್ನು ನೋಡಲು ಬರಬಹುದು, ಆದರೆ ಹಗಲು ಮಗ್ಗ ನಡೆಯುವಾಗ ಬರಕೂಡದು, ಮಗ್ಗ ನಿಂತ ಮೇಲೆ ಸಂಜೆ ಬರಬೇಕು ಎಂದು ಕರಾರು ಹಾಕಿದ್ದ. ಆಕೆ ಬರುತ್ತಿದ್ದಳಂತೆ. ಎಲ್ಲರೂ ಮಲಗಿದ ಮನೆಯಲ್ಲಿ ಮಗನ ತಲೆಯ ಹತ್ತಿರ ಒಬ್ಬಳೇ ಕೂತಿದ್ದು ಹೋಗುತ್ತಿದ್ದಳಂತೆ. ಇದೆಲ್ಲ ಅಪ್ಪ ದೊಡ್ಡವನಾದ ಮೇಲೆ ಎದುರು ಮನೆಯ ಮುದುಕಿ ಅವನಿಗೆ ಹೇಳಿದ್ದು.

"ಅಂದ್ರ ಆಕಿ ಮೈಗಳ್ಳಿ ಅಲ್ಲ" ಎಂದ ಅಪ್ಪ. "ರಕ್ತದಾಗ ಇತ್ತು, ಹೌದಲ್ಲವ್ವಾ?"

ಹೌದು ಎಂದೆ. ನಾನು ಹುಟ್ಟಿದಾಗಿನಿಂದ ಕಾದ ಮಾತು ಕೊನೆಗೂ ಅವನ ಬಾಯಿಂದ ಬಂದಿತ್ತು. ಅದು ನನಗೆ ಹೇಳಿದ್ದಾಗಿರಲಿಲ್ಲ. ನನಗೂ ಹೇಳು ಎಂದು ಕೇಳುವ ಮನಸ್ಸಾಗಲಿಲ್ಲ.

"ಅದಕ್ಕ ನಿನ್ನ ನೋಡಾಕ ಬಂದವರಿಗೆಲ್ಲ ಮೊದಲ ಹೇಳಿಬಿಡ್ತಿದ್ದೆ. ಹೇಳಿ ಕೊಟ್ರ ಹೊಳ್ಳಿ ಕಳಸೂದಿಲ್ಲ ಅಂತ."

ಚಹದ ಬಟ್ಟಲು ನನ್ನ ಕೈಯಲ್ಲೇ ಇತ್ತು. ಅದನ್ನು ಅವನಿಗೆ ಕೊಟ್ಟೆ. ಎದ್ದು ಕೂತು ಎರಡು ಗುಟುಕು ಕುಡಿದ. ಆಕೆ ನೋಡಲು ಹೇಗಿದ್ದಳು ಎಂದು ಕೇಳಿದೆ. ಅಪ್ಪ ಬಟ್ಟಲು ಕೆಳಗಿಟ್ಟ.

"ಮುಖ ನೆನಪಿಲ್ಲವ್ವಾ" ಎಂದ. "ಆಕಿ ಬಂದಾಗೆಲ್ಲ ನಾ ಮಲಗಿರ್ತಿದ್ದೆ."